ಯುದ್ಧ ಮುಗಿದ ಊರಿನ ಹೆಂಗಸಿಗೆ ಸಾಲ ಕೊಡುವ ಮೊದಲು

ಟೊರೊಂಟೊದಲ್ಲಿರುವ ನನ್ನ ಗೆಳತಿ ಕಳೆದ ತಿಂಗಳು ಫೋನ್ ಮಾಡಿದ್ದಳು. ಅವಳ ಆಫೀಸಿನಲ್ಲಿ ಜಾಫ್ನಾ ಕಡೆಯ ತಮಿಳರು ಸುಮಾರು ಜನ ಇದ್ದಾರೆ. ಎಲ್ಲರೂ ಸೇರಿ ದುಡ್ಡು ಕೂಡಿಸಿ, ಶ್ರೀಲಂಕಾದ ಕಿಲಿನೊಚ್ಚಿ, ಮುಲ್ಲೈತೀವು ಕಡೆ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೆ ಕೋಳಿ ಸಾಕಣೆಗೋ ಪೆಟ್ಟಿಗೆ ಅಂಗಡಿಗೋ ಸಣ್ಣ ಸಾಲ ಕೊಡಬೇಕು, ತೀರಿಸಿದ ದುಡ್ಡನ್ನು ಮತ್ತೊಬ್ಬರಿಗೆ ಕೊಡಬೇಕು, ಹೀಗೇ ಸುತ್ತುತ್ತಾ ಇರಬೇಕು ಅಂತ ಅವರ ಯೋಚನೆ. "ನೀನು ಸಂಘದ ಲೆಕ್ಕದ ಪುಸ್ತಕ ಬರೆದವಳು, ಹೇಗೆ ಮಾಡೋದು ಹೇಳೇ" ಅಂದಳು.

"ಅಲ್ಲಿ ಸಾಲ ಬೇಕಾದಷ್ಟು ಸಿಗುತ್ತೆ ಕಣೇ, ಸಿಕ್ಕಿದ್ದೇ ತೊಂದರೆ ಆಗಿದ್ದು" ಅಂದೆ. ಅವಳಿಗೆ ಬೇಜಾರಾಯಿತು. ಫೋನಿನಲ್ಲಿ ಅರ್ಧ ಹೇಳಿದೆ, ಉಳಿದದ್ದು ಇಲ್ಲಿ ಬರೆಯುತ್ತಿದ್ದೇನೆ, ಇದೇ ಯೋಚನೆ ಇರುವವರು ಇನ್ನೂ ಇರಬಹುದು ಅಂತ. ನಾನು ಕಿಲಿನೊಚ್ಚಿ ನೋಡಿದವಳಲ್ಲ. ನಮ್ಮ ತಾಲ್ಲೂಕಿನಲ್ಲಿ ಹೆಂಗಸರ ಸಂಘಗಳ ಲೆಕ್ಕ ಬರೆದು, ವಾರದ ಕಂತು ಯಾರ ಮನೆಯಲ್ಲಿ ಏನು ಮಾಡುತ್ತದೆ ಅಂತ ಹತ್ತಿರದಿಂದ ಕಂಡವಳು. ಅಲ್ಲಿನದನ್ನು ಓದಿ ತಿಳಿದುಕೊಂಡಿದ್ದೇನೆ.

ಅಲ್ಲಿ ಆಗಿದ್ದೇನು

ಶ್ರೀಲಂಕಾ ಸರ್ಕಾರಕ್ಕೂ ಎಲ್‌ಟಿಟಿಇಗೂ 1983ರಲ್ಲಿ ಶುರುವಾದ ಯುದ್ಧ 2009ರ ಮೇ ತಿಂಗಳಲ್ಲಿ ಮುಗಿಯಿತು. ಕೊನೆಯ ತಿಂಗಳುಗಳಲ್ಲಿ ಜೀವ ಉಳಿಸಿಕೊಂಡು ಹೊರಬಂದ ಸುಮಾರು 3 ಲಕ್ಷ ಜನರನ್ನು ಶಿಬಿರಗಳಲ್ಲಿ ಇಟ್ಟಿದ್ದರು. ಅದರಲ್ಲಿ ದೊಡ್ಡದು ವವುನಿಯಾ ಹತ್ತಿರದ ಮೆನಿಕ್ ಫಾರ್ಮ್, ಅದು ಪೂರ್ತಿ ಮುಚ್ಚಿದ್ದು 2012ರಲ್ಲಿ. ಊರಿಗೆ ವಾಪಸ್ ಹೋದರೆ ಮನೆಗೆ ಸೂರಿಲ್ಲ, ಬಾವಿ ತುಂಬ ಮಣ್ಣು, ದನಕರು ಯಾವತ್ತೋ ಹೋಗಿದ್ದವು. ಉತ್ತರ ಮತ್ತು ಪೂರ್ವದಲ್ಲಿ ಸುಮಾರು 89 ಸಾವಿರ ಹೆಂಗಸರು ಯುದ್ಧದಿಂದ ವಿಧವೆಯರಾಗಿದ್ದಾರೆ ಅಂತ ಅಲ್ಲಿನ ಸರ್ಕಾರವೇ 2010ರಲ್ಲಿ ಹೇಳಿತ್ತು.

ಜಾಫ್ನಾ ಕಡೆಗೆ ಹೋಗುವ ಎ-9 ಹೆದ್ದಾರಿ ತೆರೆದಿದ್ದೇ ತಡ, ಬ್ಯಾಂಕು, ಲೀಸಿಂಗ್ ಕಂಪನಿ, ಕಿರುಸಾಲದ ಕಂಪನಿ ಎಲ್ಲ ಸಾಲಾಗಿ ಬಂದವು. ಆಸ್ತಿ ಪತ್ರ ಬೇಡ, ಗುಂಪು ಕಟ್ಟಿಕೊಂಡು ಬನ್ನಿ ಸಾಕು. ಮನೆ ಕಟ್ಟಲು ಭಾರತದ ಯೋಜನೆಯಿಂದ ಒಂದು ಕುಟುಂಬಕ್ಕೆ ಐದೂವರೆ ಲಕ್ಷ ಶ್ರೀಲಂಕಾ ರೂಪಾಯಿ ಸಿಗುತ್ತಿತ್ತು. ಎಷ್ಟೋ ಮನೆಗೆ ಅದು ಸಾಲಲಿಲ್ಲ, ಗೋಡೆ ಎದ್ದ ಮೇಲೆ ಬಾಗಿಲು ಕಿಟಕಿಗೆ ಅಂತ ಸಾಲ. ಹೆಸರು ವ್ಯಾಪಾರದ ಸಾಲ, ದುಡ್ಡು ಹೋಗಿದ್ದು ಸಿಮೆಂಟಿಗೆ, ಮಗಳ ಫೀಸಿಗೆ, ಇನ್ನೊಂದು ಸಾಲದ ಕಂತಿಗೆ. ಇಂಥ ಕಿರುಸಾಲಕ್ಕೆ ಅಲ್ಲಿ ತಮಿಳಿನಲ್ಲಿ 'ನುಣ್‌ಕಡನ್' ಅಂತಾರೆ. ಕಡನ್ ಅಂದರೆ ನಮ್ಮ ಹಳ್ಳಿಯವರು ಹೇಳುವ 'ಕಡ'ವೇ.

2018ರಲ್ಲಿ ವಿಶ್ವಸಂಸ್ಥೆಯ ತಜ್ಞ ಹುವಾನ್ ಪಾಬ್ಲೊ ಬೊಹೊಸ್ಲಾವ್ಸ್ಕಿ ಶ್ರೀಲಂಕಾಗೆ ಹೋಗಿ ಬಂದು, ಕೆಲವು ಕಿರುಸಾಲಗಳಿಗೆ ವರ್ಷಕ್ಕೆ ನೂರಕ್ಕೆ 220ರವರೆಗೂ ಬಡ್ಡಿ ಬೀಳುತ್ತಿದೆ ಅಂತ ಬರೆದರು. ಅದೇ ವರ್ಷ ಹಣಕಾಸು ಮಂತ್ರಿ ಮಂಗಳ ಸಮರವೀರ ಬರ ಬಿದ್ದ 12 ಜಿಲ್ಲೆಗಳಲ್ಲಿ ಕಂತು ಕಟ್ಟಲಾಗದೆ ಕೂತಿದ್ದ ಸುಮಾರು 75 ಸಾವಿರ ಹೆಂಗಸರ 1 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಪರಿಹಾರ ಘೋಷಿಸಿದರು. ಕೇಂದ್ರ ಬ್ಯಾಂಕು ಬಡ್ಡಿಗೆ 35 ಪರ್ಸೆಂಟಿನ ಮಿತಿ ಹಾಕಿತು. ನಮ್ಮಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಬಂದು, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತಲ್ಲ, ಅದೇ ಕತೆ. ಅಲ್ಲಿ ಯುದ್ಧದ ಗಾಯದ ಮೇಲೆ.

ಈಗ ನೀವು ಕೊಡಲಿರುವ ಸಾಲ ಇಂಥ ಮನೆಗೇ ಹೋಗುವುದು. ಅದಕ್ಕೇ ಇಷ್ಟು ಹೇಳಿದ್ದು.

ಸಾಲ ಬೇಕಾ, ಸುಮ್ನೆ ಕೊಡಬೇಕಾ?

ಬಹಳ ಜನ ಈ ಪ್ರಶ್ನೆ ಕೇಳುವುದೇ ಇಲ್ಲ. "ಪುಕ್ಕಟೆ ಕೊಟ್ಟರೆ ಬೆಲೆ ಇರಲ್ಲ" ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ನಾನೂ ಹಾಗೇ ಅಂದುಕೊಂಡಿದ್ದವಳು.

ಉತ್ತರ ಉಗಾಂಡದಲ್ಲಿ 20 ವರ್ಷದ ಬಂಡಾಯ ಮುಗಿದ ಮೇಲೆ ಒಂದು ಪ್ರಯೋಗ ನಡೆಯಿತು. 120 ಹಳ್ಳಿಗಳ ತೀರಾ ಬಡವರು ಸುಮಾರು 1,800 ಜನ, ಹೆಚ್ಚಿನವರು ಹೆಂಗಸರು. ಐದು ದಿನ ವ್ಯಾಪಾರದ ತರಬೇತಿ, ಕೈಗೆ 150 ಡಾಲರ್, ಆಮೇಲೆ ಆಗಾಗ ಒಬ್ಬರು ಬಂದು ಹೇಗಿದೆ ಅಂತ ನೋಡಿ ಹೋಗುವುದು. ಸಾಲ ಅಲ್ಲ, ವಾಪಸ್ ಕೇಳಲಿಲ್ಲ. ಸುಮಾರು ಒಂದೂವರೆ ವರ್ಷ ಕಳೆದು ನೋಡಿದರೆ ಅವರ ಆದಾಯ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಮಾಡಿದ್ದು ದೊಡ್ಡ ಉದ್ಯಮವೇನಲ್ಲ, ಹೆಚ್ಚಿನವರದ್ದು ಚಿಲ್ಲರೆ ವ್ಯಾಪಾರ.

ಹಾಗಾಗಿ ನನ್ನ ಲೆಕ್ಕ ಹೀಗೆ. ಈಗ ಮನೆಗೆ ಒಂದು ಪೈಸೆಯೂ ಬರುತ್ತಿಲ್ಲ, ಹಳೇ ಸಾಲ ತಲೆ ಮೇಲಿದೆ, ಇಲ್ಲವೇ ಮೈಯಲ್ಲಿ ಇನ್ನೂ ಗುಂಡಿನ ಚೂರಿದೆ ಅನ್ನುವವರಿಗೆ ಸಾಲ ಕೊಡಬೇಡಿ. ಮೊದಲ ಬಂಡವಾಳ ಸುಮ್ನೆ ಕೊಡಿ. ಒಂದು ವರ್ಷದಿಂದ ಏನೋ ಒಂದು ಕೆಲಸ ನಡೆಸುತ್ತಿದ್ದಾಳೆ, ಸರಕು ಜಾಸ್ತಿ ಹಾಕಿದರೆ ಜಾಸ್ತಿ ಹೋಗುತ್ತದೆ ಅಂತ ಅವಳೇ ಲೆಕ್ಕ ತೋರಿಸುತ್ತಾಳೆ ಅಂದರೆ ಅವಳಿಗೆ ಸಾಲ. ಕೂಡಿಸಿದ ದುಡ್ಡನ್ನು ಮೊದಲ ದಿನವೇ ಎರಡು ಭಾಗ ಮಾಡಿ ಇಡಿ, ಆಮೇಲೆ ಮಾಡೋಣ ಅಂದರೆ ಆಗಲ್ಲ.

ಮನೆಯಲ್ಲಿ ಕೂತು ಕೇಳುವುದು

ಫಾರಂ ತುಂಬಿಸಿಕೊಂಡು ಬರುವ ಕೆಲಸ ಇದಲ್ಲ. ಆ ಊರಿನವರೇ ಒಬ್ಬ ಹೆಂಗಸು, ತಮಿಳಿನಲ್ಲಿ, ಎರಡು ಸಲ ಹೋಗಿ ಮಾತಾಡಬೇಕು. ಮೊದಲ ಸಲ ಯಾರೂ ಪೂರ್ತಿ ಹೇಳಲ್ಲ.

ಕೇಳಲೇಬೇಕಾದ್ದು, ಈಗ ಎಷ್ಟು ಸಾಲ ಇದೆ. "ಸಾಲ ಇದೆಯಾ" ಅಂತ ಕೇಳಿದರೆ ಇಲ್ಲ ಅಂತಲೇ ಉತ್ತರ ಬರುತ್ತದೆ, ನಮ್ಮಲ್ಲೂ ಹಾಗೇ. ಬದಲಿಗೆ ವಾರದ ಯಾವ ಯಾವ ದಿನ ಮೀಟಿಂಗ್ ಇರುತ್ತದೆ ಕೇಳಿ. ಸೋಮವಾರ ಒಂದು, ಬುಧವಾರ ಒಂದು, ಶುಕ್ರವಾರ ಇನ್ನೊಂದು ಅಂದರೆ ಮೂರು ಕಂಪನಿ ಅಂತ ಅರ್ಥ. ಚಿನ್ನ ಎಲ್ಲಿದೆ ಕೇಳಿ. ಅಲ್ಲಿ ಒಡವೆ 'ಅಡಗು' ಇಡುವುದು, ನಾವು 'ಅಡವು' ಅನ್ನುವುದು, ಬಹಳ ಸಾಮಾನ್ಯ. ಗಿರವಿ ಚೀಟಿಯೂ ಸಾಲವೇ. ಅಂಗಡಿಯ ಉದ್ರಿ, ಚೀಟಿ ದುಡ್ಡು ಎಲ್ಲ ಸೇರಿಸಿ.

ನಮ್ಮ ಸಂಘದಲ್ಲಿ ಒಬ್ಬರು ಎಮ್ಮೆಗೆ ಅಂತ ಸಾಲ ತಗೊಂಡಿದ್ದರು. ಎರಡು ವರ್ಷದಲ್ಲಿ ಒಂದು ಕಂತೂ ತಪ್ಪಿರಲಿಲ್ಲ. ಅವರ ಹೆಸರನ್ನು ನಾವು ಎಲ್ಲ ಮೀಟಿಂಗಿನಲ್ಲೂ ಹೇಳಿ ಹೊಗಳುತ್ತಿದ್ದೆವು. ಒಂದು ದಿನ ಮನೆಗೆ ಬೀಗ. ಆಮೇಲೆ ಗೊತ್ತಾಗಿದ್ದು, ಎಮ್ಮೆ ಆರು ತಿಂಗಳಿಗೇ ಸತ್ತಿತ್ತು, ನಮ್ಮ ಕಂತು ಕಟ್ಟಲು ಬೇರೆ ಕಡೆ ತಗೊಂಡು, ಅದನ್ನು ಕಟ್ಟಲು ಮತ್ತೊಂದು ಕಡೆ ತಗೊಂಡು ನಡೆಸಿದ್ದರು. ಲೆಕ್ಕ ಬರೆಯುತ್ತಿದ್ದವಳು ನಾನೇ. ಎಮ್ಮೆ ಹೇಗಿದೆ ಅಂತ ಒಂದು ದಿನ ಹೋಗಿ ನೋಡಲಿಲ್ಲ. ಅಂದಿನಿಂದ "ನಮ್ಮಲ್ಲಿ 98 ಪರ್ಸೆಂಟ್ ಮರುಪಾವತಿ" ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ನನಗೆ ಅನುಮಾನವೇ ಬರುತ್ತದೆ. ಬೋಸ್ನಿಯಾದಲ್ಲೂ ಹೀಗೇ ಆಯಿತು. 1995ರಲ್ಲಿ ಯುದ್ಧ ನಿಂತ ಮೇಲೆ ಹತ್ತು ವರ್ಷ ಸಣ್ಣ ಸಾಲಗಳು ಚೆನ್ನಾಗಿ ನಡೆದವು, ಆಮೇಲೆ ಕಂಪನಿಗಳು ಪೈಪೋಟಿಗೆ ಬಿದ್ದು ಒಬ್ಬರ ಮೇಲೇ ಸಾಲದ ಮೇಲೆ ಸಾಲ ಹೇರಿದವು, 2008-09ರಲ್ಲಿ ಕುಸಿಯಿತು.

ಇನ್ನೊಂದು, ಗಂಡನ ಬಗ್ಗೆ. 'ವಿಧವೆ' ಅಂತ ಬರೆದುಬಿಡಬೇಡಿ. ಎಷ್ಟೋ ಜನರ ಗಂಡಂದಿರು ಕಾಣೆಯಾದವರು. ಅವರ ಮನೆಯವರು ಕಿಲಿನೊಚ್ಚಿಯಲ್ಲಿ 2017ರ ಫೆಬ್ರವರಿಯಲ್ಲಿ ರಸ್ತೆ ಬದಿ ಧರಣಿ ಕೂತು, ವರ್ಷಗಳೇ ಕಳೆದರೂ ಎದ್ದಿರಲಿಲ್ಲ. ಮರಣ ಪತ್ರ ತಗೊಂಡರೆ ಅವನು ಸತ್ತ ಅಂತ ತಾನೇ ಒಪ್ಪಿಕೊಂಡ ಹಾಗೆ ಅಂತ ತಗೊಳ್ಳದವರಿದ್ದಾರೆ. 2016ರಲ್ಲಿ 'ಕಾಣೆಯಾದ ಪ್ರಮಾಣಪತ್ರ' ಕೊಡುವ ಕಾನೂನು ಬಂತು. ನಿಮ್ಮ ನಿಯಮದಲ್ಲಿ ಮರಣ ಪತ್ರ ಕಡ್ಡಾಯ ಅಂತ ಹಾಕಿದರೆ ನಿಮ್ಮ ಸಹಾಯ ಅತಿ ಹೆಚ್ಚು ಬೇಕಾದವಳೇ ಹೊರಗೆ ಉಳಿಯುತ್ತಾಳೆ.

ಜಮೀನಿನ ಕತೆ ಇನ್ನೂ ಸಿಕ್ಕು. ಜಾಫ್ನಾ ತಮಿಳರಿಗೆ 'ತೇಸವಳಮೈ' ಅನ್ನುವ ಹಳೇ ಕಟ್ಟಳೆ ಇದೆ. ಅದರ ಪ್ರಕಾರ ಮದುವೆಯಾದ ಹೆಂಗಸು ತನ್ನದೇ ಹೆಸರಿನ ಜಮೀನನ್ನೂ ಗಂಡನ ಒಪ್ಪಿಗೆ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಗಂಡ ಕಾಣೆಯಾಗಿದ್ದರೆ ಒಪ್ಪಿಗೆ ಯಾರು ಕೊಡಬೇಕು? ಕೋರ್ಟಿಗೆ ಹೋಗಬೇಕು. ಹೀಗಾಗಿ ಬ್ಯಾಂಕಿನ ಕಡಿಮೆ ಬಡ್ಡಿಯ ಸಾಲ ಅವಳಿಗೆ ದೂರವೇ. ನೀವು ಆಸ್ತಿ ಜಾಮೀನಿನ ಮಾತೇ ಎತ್ತಬೇಡಿ.

ಬಡ್ಡಿ: 'ಫ್ಲಾಟ್' ಅಂದರೆ ಕಾಗದ ಪೆನ್ನು ತೆಗೀರಿ

ನೀವೇ ನೇರ ಕೊಡದೆ ಅಲ್ಲಿನ ಒಂದು ಸಂಸ್ಥೆಯ ಮೂಲಕ ಕೊಡುತ್ತೀರಿ ಅಂದುಕೊಳ್ಳಿ. ಅವರು "ನಮ್ಮದು 28 ಪರ್ಸೆಂಟ್ ಅಷ್ಟೇ, ಫ್ಲಾಟ್" ಅನ್ನುತ್ತಾರೆ. ಉದಾಹರಣೆಗೆ ನಾನೇ ಒಂದು ಲೆಕ್ಕ ಹಾಕುತ್ತೇನೆ. ಸಾಲ 50,000 ರೂಪಾಯಿ, ಒಂದು ವರ್ಷ, 52 ವಾರದ ಕಂತು. ಬಡ್ಡಿ 14,000, ಒಟ್ಟು 64,000. ವಾರಕ್ಕೆ ಸುಮಾರು 1,231.

ನೋಡಲು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಚಿಲ್ಲರೆ ಬಡ್ಡಿ. ಆದರೆ ಅವಳು ಮೊದಲ ವಾರದಿಂದಲೇ ಅಸಲು ಕಟ್ಟುತ್ತಾ ಬರುತ್ತಾಳೆ. ಆರು ತಿಂಗಳಿಗೆ ಅವಳ ಕೈಯಲ್ಲಿ ಉಳಿದಿರುವುದು ಅರ್ಧ ದುಡ್ಡು, ಬಡ್ಡಿ ಮಾತ್ರ ಪೂರ್ತಿ 50,000ಕ್ಕೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ 51 ಪರ್ಸೆಂಟ್ ಹತ್ತಿರ ಬರುತ್ತದೆ, ಅಂದರೆ ತಿಂಗಳಿಗೆ ನೂರಕ್ಕೆ ನಾಲ್ಕು ರೂಪಾಯಿಗಿಂತ ಜಾಸ್ತಿ. ಫ್ಲಾಟ್ ಅಂತ ಹೇಳಿದ್ದನ್ನು ಹೆಚ್ಚುಕಡಿಮೆ ಎರಡರಿಂದ ಗುಣಿಸಿ, ಅಂದಾಜಿಗೆ ಸಾಕು. ಇದರ ಮೇಲೆ ಪ್ರೊಸೆಸಿಂಗ್ ಫೀ, ವಿಮೆ, ಕಡ್ಡಾಯ ಉಳಿತಾಯ ಅಂತ ಮೊದಲೇ ಮುರಿದುಕೊಂಡು 44,000 ಕೈಗಿಟ್ಟರೆ ಬಡ್ಡಿ ಇನ್ನೂ ಏರುತ್ತದೆ. ಕೇಳಬೇಕಾದ ಪ್ರಶ್ನೆ ಎರಡೇ: ಕೈಗೆ ಎಷ್ಟು ಬರುತ್ತದೆ, ಒಟ್ಟು ಎಷ್ಟು ಕಟ್ಟಬೇಕು. ಇದಕ್ಕೆ ನೇರ ಉತ್ತರ ಕೊಡದ ಸಂಸ್ಥೆಗೆ ದುಡ್ಡು ಕೊಡಬೇಡಿ.

ನೀವು ನೇರ ಕೊಡುವುದಾದರೆ ಬಡ್ಡಿ ಬೇಡ, ಓಡಾಟದ ಖರ್ಚಿಗೆ ಒಂದು ಸಣ್ಣ ಮೊತ್ತ ಸಾಕು. ಸಾಲವನ್ನು ಡಾಲರಿನಲ್ಲಿ ಬರೆಯಲೇಬೇಡಿ. 2022ರಲ್ಲಿ ಶ್ರೀಲಂಕಾ ದಿವಾಳಿಯಾದಾಗ ಡಾಲರಿಗೆ 200 ಇದ್ದದ್ದು ಕೆಲವೇ ತಿಂಗಳಲ್ಲಿ 350 ದಾಟಿತು. ಡಾಲರ್ ಲೆಕ್ಕದಲ್ಲಿ ಸಾಲ ಇದ್ದಿದ್ದರೆ ಮೊಟ್ಟೆ ಮಾರುವವಳು ಅದನ್ನು ಎಲ್ಲಿಂದ ತರಬೇಕಿತ್ತು? ವಿನಿಮಯದ ನಷ್ಟ ಟೊರೊಂಟೊದವರೇ ಹೊರಬೇಕು.

ಕಂತು ಯಾವಾಗ

ನನ್ನ ಕೇಳಿದರೆ ಬಡ್ಡಿಗಿಂತ ಇದೇ ಮುಖ್ಯ. ಸಾಲ ಕೊಟ್ಟ ಮುಂದಿನ ವಾರದಿಂದಲೇ ಕಂತು ಅನ್ನುವುದು ಕಂಪನಿಯ ಅನುಕೂಲಕ್ಕೆ ಮಾಡಿಕೊಂಡ ನಿಯಮ. ನಾಟಿ ಕೋಳಿಮರಿ ತಂದರೆ ಮೊಟ್ಟೆ ಇಡಲು ಆರು ತಿಂಗಳು ಬೇಕು. ಅಲ್ಲಿಯವರೆಗೆ ಕಂತು ಎಲ್ಲಿಂದ? ಕೋಳಿ ಮಾರಿ ಕಟ್ಟಬೇಕು, ಅಥವಾ ಇನ್ನೊಂದು ಸಾಲ.

ಕಿಲಿನೊಚ್ಚಿಯಲ್ಲಿ ಇರಣಮಡು ಕೆರೆ ನೀರಿನ ಭತ್ತ ಇದೆ. ಮುಂಗಾರಿನ ನಮ್ಮ ಲೆಕ್ಕ ಅಲ್ಲಿ ನಡೆಯಲ್ಲ, ಅವರ ಮುಖ್ಯ ಮಳೆ ಅಕ್ಟೋಬರಿನಿಂದ ಡಿಸೆಂಬರ್, ದೊಡ್ಡ ಬೆಳೆಯ ಕೊಯ್ಲು ಜನವರಿಯ ನಂತರ. ಹೊಲಕ್ಕೆ ಕೊಟ್ಟ ಸಾಲವನ್ನು ಕೊಯ್ಲಾದ ಮೇಲೆ ಒಂದೋ ಎರಡೋ ಕಂತಿನಲ್ಲಿ ತಗೊಳ್ಳಿ. ಮುಲ್ಲೈತೀವಿನ ಕರಾವಳಿಯಲ್ಲಿ ಅದೇ ಮಳೆಗಾಲದಲ್ಲಿ ಸಮುದ್ರ ಒರಟಾಗುತ್ತದೆ, ಒಣಮೀನು ಮಾಡುವವಳಿಗೆ ಆಗ ಕೆಲಸವಿಲ್ಲ, ಬಿಸಿಲೂ ಇಲ್ಲ. ಆ ಮೂರು ತಿಂಗಳು ಕಂತು ಬಿಡಿ. ಹೊಲಿಗೆಯವಳಿಗೆ ದೀಪಾವಳಿ, ಪೊಂಗಲ್ ಮುಂಚೆ ದುಡ್ಡು ಓಡಾಡುತ್ತದೆ, ಆಗ ಸ್ವಲ್ಪ ಜಾಸ್ತಿ ಕಟ್ಟಲಿ. ತಾಳೆಮರದ ಗರಿಯ ಬುಟ್ಟಿ, ಬೆಲ್ಲ, ಒಡಿಯಲ್ (ಒಣಗಿಸಿದ ತಾಳೆ ಮೊಳಕೆಯ ಗೆಡ್ಡೆ) ಅಂತ ಮಾಡುವವರಿದ್ದಾರೆ. ಅವರದ್ದು ಮರ ಕೊಟ್ಟಾಗ ಮಾತ್ರ.

ಹೊಲಿಗೆ ಅಂದೆನಲ್ಲ, ಎಚ್ಚರ. ಹೆಂಗಸರು ಅಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಹೊಲಿಗೆ ಯಂತ್ರ. ಒಂದೇ ಬೀದಿಯಲ್ಲಿ ಹತ್ತು ಯಂತ್ರ ಆದರೆ ರವಿಕೆ ಹೊಲಿಸುವವರು ಯಾರು? ವಾರದ ಸಂತೆಗೆ ಒಂದು ದಿನ ಹೋಗಿ, ಯಾವುದು ಹೊರಗಿನಿಂದ ಬರುತ್ತಿದೆ ನೋಡಿ. ಅಲ್ಲೇ ಮಾಡಬಹುದಾದದ್ದು ಹೊರಗಿನಿಂದ ಲಾರಿಯಲ್ಲಿ ಬರುತ್ತಿದ್ದರೆ ಅದಕ್ಕೆ ಸಾಲ ಕೊಡಿ.

ಕಂತು ಎಷ್ಟಿರಬೇಕು? ನಮ್ಮ ರಿಸರ್ವ್ ಬ್ಯಾಂಕು 2022ರ ನಿಯಮದಲ್ಲಿ ಕಿರುಸಾಲ ತಗೊಂಡ ಮನೆಯ ಎಲ್ಲ ಕಂತು ಸೇರಿ ಆದಾಯದ ಅರ್ಧ ದಾಟಬಾರದು ಅಂದಿದೆ. ಒಬ್ಬಳೇ ದುಡಿಯುವ ಮನೆಗೆ ಅರ್ಧ ಬಹಳ ಜಾಸ್ತಿ. ಕಾಲು ಭಾಗಕ್ಕೆ ನಿಲ್ಲಿಸಿ.

ಗುಂಪು ಮತ್ತು ಮೂರು ಬೀಗದ ಪೆಟ್ಟಿಗೆ

ಗುಂಪಿನ ಜಾಮೀನು ಅನ್ನುವುದು ನೋಡಲು ಒಗ್ಗಟ್ಟು. ಒಬ್ಬಳು ಕಟ್ಟದಿದ್ದರೆ ಉಳಿದವರು ಹಾಕಬೇಕು, ಹಾಗಾಗಿ ಅವಳ ಮನೆ ಮುಂದೆ ಕೂರುವವರು ಪಕ್ಕದ ಮನೆಯವರೇ. ಯುದ್ಧದಲ್ಲಿ ಯಾರು ಯಾರ ಕಡೆ ಇದ್ದರು, ಯಾರ ಮಗ ಹೋರಾಟಕ್ಕೆ ಹೋಗಿದ್ದ ಅಂತೆಲ್ಲ ಮನಸ್ಸಿನಲ್ಲಿ ಇನ್ನೂ ಇರುವ ಊರಿನಲ್ಲಿ ಇದು ಬಹಳ ಕೆಟ್ಟದಾಗಿ ಹೋಗಬಹುದು. ಗುಂಪು ಇರಲಿ, ಜಾಮೀನು ಬೇಡ.

ಬದಲಿಗೆ ಉಳಿತಾಯದ ಗುಂಪು ಕಟ್ಟಿಸಿ. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಅನ್ನುವ ಅಂತಾರಾಷ್ಟ್ರೀಯ ನೆರವಿನ ಸಂಸ್ಥೆ ಶುರು ಮಾಡಿದ ಪದ್ಧತಿ ಆಫ್ರಿಕಾದ ಎಷ್ಟೋ ಕಡೆ ನಡೆಯುತ್ತಿದೆ. 15ರಿಂದ 25 ಜನ, ಒಂದು ಕಬ್ಬಿಣದ ಪೆಟ್ಟಿಗೆ, ಮೂರು ಬೀಗ, ಮೂರು ಕೀಲಿ ಮೂವರ ಹತ್ತಿರ. ವಾರ ವಾರ ಕೈಲಾದಷ್ಟು ಹಾಕುತ್ತಾರೆ, ಅದರಿಂದಲೇ ಸಾಲ ತಗೊಳ್ಳುತ್ತಾರೆ, ವರ್ಷದ ಕೊನೆಗೆ ಬಡ್ಡಿ ಸಮೇತ ಹಂಚಿಕೊಳ್ಳುತ್ತಾರೆ. ಬಡ್ಡಿ ಹೊರಗೆ ಹೋಗುವುದಿಲ್ಲ.

ನಮಗೆ ಇದು ಹೊಸದೇನಲ್ಲ. ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಊರು ಬಿಟ್ಟು ಬಂದ ಟಿಬೆಟ್ ನಿರಾಶ್ರಿತರಿಗೆ ಕರ್ನಾಟಕದಲ್ಲಿ ನೆಲೆ ಮಾಡಿಕೊಡಲು. ಅದೇ ಸಂಸ್ಥೆ 80ರ ದಶಕದಲ್ಲಿ ಹಳ್ಳಿಗಳಲ್ಲಿ ಸಣ್ಣ ಸಂಘಗಳನ್ನು ಬೆಳೆಸಿತು, 1992ರಲ್ಲಿ ಗ್ರಾಮೀಣಾಭಿವೃದ್ಧಿಯ ಬ್ಯಾಂಕಾದ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಅಲ್ಲಿ ನಾವು ಕಲಿತದ್ದು, ಮೊದಲ ಆರು ತಿಂಗಳು ಹೊರಗಿನ ದುಡ್ಡು ಬರಲೇಬಾರದು. ಅವರ ದುಡ್ಡು ಅವರೇ ಕೂಡಿಸಿ, ಜಗಳ ಆಡಿ, ನಿರ್ಣಯ ಪುಸ್ತಕ ಬರೆದು ಅಭ್ಯಾಸ ಆದ ಮೇಲೆ ನಿಮ್ಮ ದುಡ್ಡು ಹೋಗಲಿ. ಶ್ರೀಲಂಕಾದ ಉತ್ತರದಲ್ಲಿ ಹಳೇ ಸಹಕಾರ ಸಂಘಗಳಿವೆ. ಹತ್ತಿರದಲ್ಲಿ ನಂಬುವಂಥದ್ದು ಇದ್ದರೆ ಅದರ ಜೊತೆಗೇ ಮಾಡಿ, ಹೊಸ ಬೋರ್ಡು ಹಾಕುವ ಆಸೆ ಬಿಡಿ.

ವಸೂಲಿ

ಚಿಕ್ಕದಾಗಿ ಹೇಳುತ್ತೇನೆ, ಇದರಲ್ಲಿ ರಾಜಿ ಇಲ್ಲ. ಗಂಡಸರು ಒಬ್ಬೊಬ್ಬರೇ ಮನೆಗೆ ಹೋಗುವುದು ಬೇಡ. ಸಂಜೆ ಮೇಲೆ ಬೇಡ. ಗಂಡಸರಿಲ್ಲದ ಮನೆ ಅಂತ ಗೊತ್ತಿದ್ದು ಸಾಲದ ನೆಪದಲ್ಲಿ ಹೆಂಗಸರನ್ನು ಲೈಂಗಿಕವಾಗಿ ಪೀಡಿಸಿದ ದೂರುಗಳು ಅಲ್ಲಿ ಬಂದಿವೆ. ದುಡ್ಡು ಕಟ್ಟುವುದು ಗುಂಪಿನ ಮೀಟಿಂಗಿನಲ್ಲಿ, ಹಗಲು ಹೊತ್ತು, ಎಲ್ಲರ ಎದುರು, ರಸೀದಿ ಸಮೇತ. ದೂರು ಹೇಳಲು ಒಂದು ನಂಬರ್ ಇರಬೇಕು, ಅದನ್ನು ಎತ್ತುವವರು ವಸೂಲಿ ಮಾಡುವವರಲ್ಲದ ಬೇರೆ ಹೆಂಗಸು ಆಗಿರಬೇಕು.

25 ಡಾಲರ್ ಕೊಡುವವರಿಗೆ

ಇಷ್ಟೆಲ್ಲ ಮಾಡಲು ನಮ್ಮಿಂದಾಗಲ್ಲ, ಆನ್‌ಲೈನಲ್ಲಿ ಸ್ವಲ್ಪ ಕೊಡುತ್ತೇವೆ ಅನ್ನುವವರೂ ಇದ್ದೀರಿ. 2005ರಲ್ಲಿ ಶುರುವಾದ ಕೀವಾ ಅನ್ನುವ ವೆಬ್‌ಸೈಟಿನಲ್ಲಿ 25 ಡಾಲರಿನಿಂದ ಸಾಲ ಕೊಡಬಹುದು. ದೇಶ ಆರಿಸಬಹುದು, ಹೆಂಗಸರಿಗೆ ಮಾತ್ರ ಅಂತಲೂ ಆರಿಸಬಹುದು. ನಿಮಗೆ ಬಡ್ಡಿ ಬರುವುದಿಲ್ಲ. ಆದರೆ ಸಾಲ ತಗೊಂಡವಳು ಅಲ್ಲಿನ ಸಂಸ್ಥೆಗೆ ಬಡ್ಡಿ ಕಟ್ಟುತ್ತಾಳೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಇನ್ನೊಂದು, ನೀವು ಫೋಟೊ ನೋಡಿ ಆರಿಸುವ ಹೊತ್ತಿಗೆ ಎಷ್ಟೋ ಸಲ ಅವಳಿಗೆ ದುಡ್ಡು ಆಗಲೇ ಸಿಕ್ಕಿರುತ್ತದೆ, ನಿಮ್ಮದು ಆ ಸಂಸ್ಥೆಯ ಗಲ್ಲಾಪೆಟ್ಟಿಗೆ ತುಂಬುತ್ತದೆ. ಹಾಗಾಗಿ ಫೋಟೊ ಕೆಳಗಿನ ಕತೆಗಿಂತ ಸಂಸ್ಥೆಯ ಪುಟ ಓದಿ. ಸಾಲ ತಗೊಂಡವರಿಗೆ ಸರಾಸರಿ ಎಷ್ಟು ಖರ್ಚು ಬೀಳುತ್ತದೆ ಅಂತ ಅಲ್ಲಿ ಹಾಕಿರುತ್ತಾರೆ. 25 ಡಾಲರ್ ವಾಪಸ್ ಬರದೇ ಇರಬಹುದು, ಬರದಿದ್ದರೆ ನೊಂದುಕೊಳ್ಳುವವರು ಕೊಡಲು ಹೋಗಬೇಡಿ.

ಕಂತು ತಪ್ಪಿದಾಗ

ತಪ್ಪುತ್ತದೆ. ಮಗುವಿಗೆ ಡೆಂಗಿ ಬರುತ್ತದೆ, ಬರ ಬೀಳುತ್ತದೆ, 2021ರಂತೆ ಸರ್ಕಾರ ರಾತ್ರೋರಾತ್ರಿ ರಸಗೊಬ್ಬರದ ಆಮದು ನಿಲ್ಲಿಸುತ್ತದೆ. ಆಗ ಏನು ಮಾಡುವುದು ಅಂತ ಸಾಲ ಕೊಡುವ ದಿನವೇ ಬರೆದಿಡಿ: ಎಷ್ಟು ತಿಂಗಳು ಮುಂದೂಡಬಹುದು, ಯಾರು ತೀರ್ಮಾನ ಮಾಡುತ್ತಾರೆ, ಯಾವಾಗ ಮನ್ನಾ. ನಾನಾದರೆ ನೂರಕ್ಕೆ ಹತ್ತು ಬರುವುದಿಲ್ಲ ಅಂತ ಲೆಕ್ಕ ಇಟ್ಟುಕೊಂಡೇ ಶುರು ಮಾಡುತ್ತೇನೆ. ಮುಂದೂಡಿದ್ದಕ್ಕೆ ದಂಡ ಬಡ್ಡಿ ಬೇಡ.

ಪಾಸ್‌ಬುಕ್ ತಮಿಳಿನಲ್ಲಿರಲಿ, ಅವಳ ಮನೆಯಲ್ಲೇ ಇರಲಿ. ಲೆಕ್ಕ ಬರೆಯುವವರ ಚೀಲದಲ್ಲಿ ಇಪ್ಪತ್ತೂ ಜನರ ಪುಸ್ತಕ ಇರುತ್ತದಲ್ಲ, ನಮ್ಮಲ್ಲೂ ಹಾಗೇ ನಡೆಯುತ್ತಿತ್ತು, ನನ್ನ ಚೀಲದಲ್ಲೇ ಇದ್ದವು. ಗೆಳತಿಗೆ ಇದನ್ನೆಲ್ಲ ಹೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಈ ವರ್ಷ ಹನ್ನೆರಡು ಜನಕ್ಕೆ ಸಾಕು, ಅದರಲ್ಲಿ ಏಳು ಜನಕ್ಕೆ ಸುಮ್ನೆ ಕೊಡೋದು" ಅಂದಳು. ಮೊದಲು ಅವಳು ಹೇಳಿದ್ದು ನೂರು ಜನ.